ಟಿಬಿಗೆ ಆರು ತಿಂಗಳು ಮಾತ್ರೆ ಯಾಕೆ?

ಗಂಟಲು ನೋವಿಗೆ ಐದು ದಿನದ ಮಾತ್ರೆ ಸಾಕು, ಮಾವನಿಗೆ ಮಾತ್ರ ಟಿಬಿ ಅಂತ ಆರು ತಿಂಗಳು ಕೊಟ್ಟಿದ್ದಾರೆ, ಎರಡೇ ತಿಂಗಳಿಗೆ ಕೆಮ್ಮು ನಿಂತಿದೆ, ಇನ್ನೂ ಬೇಕಾ ಅಂತ ಕೇಳಿದ್ದೀರಿ. ಬೇಕು. ಆ ಬ್ಯಾಕ್ಟೀರಿಯಾ ಮೈತುಂಬ ಮೇಣ ಹೊದ್ದುಕೊಂಡಿರುತ್ತದೆ, ತಕರಾರು ಅಲ್ಲೇ ಶುರು.

ನಾನು ಲ್ಯಾಬ್‌ನಲ್ಲಿ ಕಫ ಪರೀಕ್ಷೆ ಮಾಡುವವನು. ಸ್ಲೈಡ್ ಮೇಲೆ ಕಫ ಸವರಿ ಒಣಗಿಸಿ, ಕಾರ್ಬಾಲ್ ಫುಕ್ಸಿನ್ ಅನ್ನುವ ಕೆಂಪು ಬಣ್ಣ ಸುರಿದು, ಹಬೆ ಏಳುವ ತನಕ ಕೆಳಗಿನಿಂದ ಬಿಸಿ ಮಾಡುತ್ತೇವೆ. ಕುದಿಸಬಾರದು. ಬಿಸಿ ತಾಗದಿದ್ದರೆ ಬಣ್ಣ ಆ ಮೇಣ ದಾಟಿ ಒಳಗೆ ಇಳಿಯುವುದೇ ಇಲ್ಲ. ಆಮೇಲೆ ಶೇ. 25ರ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ತೊಳೆಯುತ್ತೇವೆ. ಬೇರೆಲ್ಲ ಬಣ್ಣ ಬಿಡುತ್ತವೆ, ಇದು ಬಿಡುವುದಿಲ್ಲ. ಕೊನೆಗೆ ಮಿಥಿಲೀನ್ ಬ್ಲೂ ಹಾಕಿ ನೋಡಿದರೆ ನೀಲಿಯ ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ಇಷ್ಟು ವರ್ಷ ನೋಡಿದರೂ ನನಗೆ ಒಂಥರಾ ಸೋಜಿಗವೇ.

ಆ ಮೇಣದ ಮುಖ್ಯ ಸರಕು ಮೈಕೋಲಿಕ್ ಆಸಿಡ್. ನಮ್ಮ ಅಡುಗೆ ಎಣ್ಣೆಯ ಕೊಬ್ಬಿನಲ್ಲಿ ಹೆಚ್ಚಾಗಿ 16, 18 ಕಾರ್ಬನ್ನಿನ ಸರಪಳಿ ಇರುತ್ತದೆ. ಇದರಲ್ಲಿ 60ರಿಂದ 90! ಔಷಧಿಯೂ ಸಲೀಸಾಗಿ ನುಗ್ಗಲು ಆಗುವುದಿಲ್ಲ.

ಬರೀ ರಕ್ಷಣೆ ಮಾತ್ರ ಅಲ್ಲ. ಶ್ವಾಸಕೋಶದಲ್ಲಿ ಕಾವಲು ಕಾಯುವ ಮ್ಯಾಕ್ರೋಫೇಜ್ ಕೋಶ ಈ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿದ್ದನ್ನು ಜೀರ್ಣಿಸುವ ಚೀಲಕ್ಕೆ ಸೇರಿಸಬೇಕು, ಅಲ್ವಾ? ಟಿಬಿ ಬ್ಯಾಕ್ಟೀರಿಯಾದ ಮೇಲಿರುವ ಲೈಪೋಅರಾಬಿನೋಮ್ಯಾನನ್ ಎಂಬ ಸಕ್ಕರೆ ಅಂಟಿದ ಕೊಬ್ಬು ಆ ಸೇರಿಕೆಗೇ ಅಡ್ಡಗಾಲು ಹಾಕುತ್ತದೆ. ಹಿಡಿದವನ ಮನೆಯಲ್ಲೇ ಕಳ್ಳ ಬಿಡಾರ ಹೂಡಿದ ಹಾಗೆ. ಮೇಲಾಗಿ ಅದೇ ಕೋಶದ ಕೊಬ್ಬನ್ನೇ ತಿಂದು ಬದುಕುತ್ತದೆ. ಇನ್ನೊಂದು ಕೊಬ್ಬು, ಸಲ್ಫೋಲಿಪಿಡ್, ಕೆಮ್ಮಿನ ನರಗಳನ್ನೇ ಕೆಣಕುತ್ತದೆ. 2020ರಲ್ಲಿ ಗಿನಿಯಿಲಿಗಳಲ್ಲಿ ಇದನ್ನು ತೋರಿಸಿದ್ದಾರೆ. ಕೆಮ್ಮಿಸಿದರೆ ತಾನೇ ಇನ್ನೊಬ್ಬರ ಮೂಗಿಗೆ ದಾರಿ!

ಈಗ ನಿಮ್ಮ ಆರು ತಿಂಗಳ ಲೆಕ್ಕ. ಮಾವನ ಮಾತ್ರೆಯಲ್ಲಿರುವ ಐಸೋನಿಯಾಜಿಡ್ ಹೊಸ ಮೇಣ ಕಟ್ಟುವುದನ್ನು ನಿಲ್ಲಿಸುತ್ತದೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳು ಬೇಗ ಸಾಯುತ್ತವೆ. ಆದರೆ ಕೆಲವು ಸುಮ್ನೆ ಮಲಗಿರುತ್ತವೆ, ಏನೂ ಕಟ್ಟುತ್ತಿರುವುದಿಲ್ಲ. ಕಟ್ಟದವನ ಕೆಲಸ ನಿಲ್ಲಿಸುವುದು ಹೇಗೆ? ಅವು ಆಗೊಮ್ಮೆ ಈಗೊಮ್ಮೆ ಎದ್ದಾಗ ಹಿಡಿಯಲು ರಿಫಾಂಪಿಸಿನ್ ಅನ್ನುವ ಇನ್ನೊಂದು ಔಷಧಿ ಬೇಕು, ತಿಂಗಳುಗಟ್ಟಲೆ ಬೇಕು. ಎಚ್ಚರವಿದ್ದಾಗಲೂ ಇದು ನಿಧಾನವೇ: ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ 20 ನಿಮಿಷಕ್ಕೆ ಎರಡಾದರೆ ಇದಕ್ಕೆ ಸುಮಾರು 20 ಗಂಟೆ.

ಕಫದ ರಿಪೋರ್ಟ್ ನೆಗೆಟಿವ್ ಬಂದರೂ ನಂಬಿ ಕೂರಬೇಡಿ. ಒಂದು ಎಂಎಲ್ ಕಫದಲ್ಲಿ 5,000–10,000 ಬ್ಯಾಕ್ಟೀರಿಯಾ ಇದ್ದರೆ ಮಾತ್ರ ನಮ್ಮ ಮೈಕ್ರೋಸ್ಕೋಪಿಗೆ ಸಿಗುವುದು.

ಮಾವನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ಜಾಸ್ತಿಯಾದರೆ ಮಾತ್ರ ಅವತ್ತೇ ಡಾಕ್ಟರಿಗೆ ತೋರಿಸಿ.