ಅದು ಕಲ್ಲಲ್ಲ ಮಾರಾಯ್ರೆ

(ಅಂಡಮಾನಿನ ಹ್ಯಾವ್ಲಾಕ್‌ನಲ್ಲಿ ಏಳು ವರ್ಷ ಸ್ಕೂಬಾ ಗೈಡ್ ಆಗಿದ್ದು, ಈಗ ಸಕಲೇಶಪುರದ ಹತ್ತಿರ ಅಪ್ಪನ ಕಾಫಿ ತೋಟ ನೋಡಿಕೊಳ್ಳುತ್ತಿರುವ ನಮ್ಮ ಅಂಕಣಕಾರರು ಈ ಸಲದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಗೆಳೆಯರ ಜೊತೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ನೀರೊಳಗೆ ಫೋಟೊ ತೆಗೆಸಿಕೊಳ್ಳುವಾಗ ನಮ್ಮವನೊಬ್ಬ ಹವಳದ ಮೇಲೆ ಕಾಲೂರಿ ನಿಂತ. ಜೊತೆಗಿದ್ದ ಗೈಡ್ ತಡೆಯಲಿಲ್ಲ. ಮೇಲೆ ಬಂದು ಕೇಳಿದ್ದಕ್ಕೆ ‘ಅದು ಕಲ್ಲು ಸಾರ್, ಏನೂ ಆಗಲ್ಲ’ ಅಂದರು. ನಿಜವೇ?
– ಓದುಗ, ಹಾಸನ

ಬರೀ ಕಲ್ಲು ಅಂತ ನಿಮಗೇ ಅನ್ನಿಸಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ ನೀವು. ನೇತ್ರಾಣಿಯ ಸುತ್ತ ಬಂಡೆಯೂ ಇದೆ, ಬಂಡೆಗೆ ಅಂಟಿ ಬೆಳೆದ ಹವಳವೂ ಇದೆ. ಹೊಸಬರ ಕಣ್ಣಿಗೆ ಎರಡೂ ಒಂದೇ. ಆದರೆ ದಿನಾ ಅಲ್ಲೇ ಮುಳುಗುವವರಿಗೆ ವ್ಯತ್ಯಾಸ ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಹವಳ ಅಂದರೆ ಪ್ರಾಣಿ. ಗುಂಡುಸೂಜಿ ತಲೆಯಷ್ಟು ಚಿಕ್ಕ ಪಾಲಿಪ್‌ಗಳು ಸಾವಿರಗಟ್ಟಲೆ ಒತ್ತೊತ್ತಾಗಿ ಕೂತು, ತಮ್ಮ ಅಡಿಗೆ ತಾವೇ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ಜೀವ ಇರುವುದು ಮೇಲಿನ ತೆಳ್ಳನೆ ಚರ್ಮದಲ್ಲಿ ಮಾತ್ರ. ಆ ಚರ್ಮದೊಳಗೆ ಸೂಕ್ಷ್ಮ ಪಾಚಿಗಳು ಬಿಡಾರ ಹೂಡಿ, ಬಿಸಿಲಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತವೆ. ಮೇಲಿನಿಂದ ಕಾಲೂರಿದರೆ ಚರ್ಮ ತನ್ನದೇ ಸುಣ್ಣದ ಅಂಚಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಆ ಗಾಯಕ್ಕೆ ಕಡಲಪಾಚಿ ಹತ್ತುತ್ತದೆ, ರೋಗವೂ ಹತ್ತಬಹುದು.

ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಸೊಂಟದೆತ್ತರದ ಒಂದು ಗುಂಡಿಗೆ ಹೆಚ್ಚುಕಡಿಮೆ ನೂರು ವರ್ಷ ಹಿಡಿದಿರುತ್ತದೆ. ಬೇಲೂರಿನ ಗುಡಿಗೆ 103 ವರ್ಷ ಹಿಡಿಯಿತು ಅಂತ ಅಲ್ಲಿನ ಗೈಡ್‌ಗಳು ಹೇಳುವುದನ್ನು ಹಾಸನದವರಾದ ನೀವು ಎಷ್ಟು ಸಲ ಕೇಳಿಲ್ಲ? ಅಲ್ಲಿ ಗೋಡೆಯ ಆನೆಸಾಲಿನ ಮೇಲೆ ಕಾಲಿಟ್ಟು ಫೋಟೊಗೆ ನಿಂತರೆ ಕಾವಲಿನವರು ಸೀಟಿ ಊದುತ್ತಾರೆ. ಕಡಲಡಿಯಲ್ಲಿ ಊದುವವರಿಲ್ಲ.

ನಾನೂ ಮುರಿದವನೇ. ಹ್ಯಾವ್ಲಾಕ್‌ಗೆ ಹೋದ ಮೂರನೇ ದಿನ ಆಮೆಯೊಂದನ್ನು ಕಂಡು ಅದರ ಹಿಂದೆ ಬಿದ್ದೆ. ಕಣ್ಣು ಆಮೆ ಮೇಲೆ, ಕಾಲು ಎಲ್ಲಿದೆಯೋ ಯಾರಿಗೆ ಗೊತ್ತು! ಫಿನ್ (ಈಜಲು ಕಾಲಿಗೆ ತೊಡುವ ಅಗಲ ಪಟ್ಟಿ) ತಾಗಿ ಕೊಂಬೆ ಹವಳದ ಒಂದು ಕೈ ಕಟ್ ಎಂದಿತು. ನೀರೊಳಗೆ ಸದ್ದು ಚೆನ್ನಾಗಿ ಕೇಳುತ್ತದೆ. ಕಾಫಿ ಹಣ್ಣು ಕೀಳುವಾಗ ಗಿಡದ ರೆಕ್ಕೆ, ಅಂದರೆ ಅಡ್ಡಕೊಂಬೆ, ಸೀಳಿದಾಗ ಅಪ್ಪ ಬೈಯುತ್ತಿದ್ದರಲ್ಲ, ಅದೇ ನೆನಪಾಯಿತು.

ಈಗ ನಿಮ್ಮ ಗೆಳೆಯನ ವಿಷಯ. ಮೊದಲ ಸಲ ಮುಳುಗುವವರ ಟ್ಯಾಂಕನ್ನು ಗೈಡೇ ಹಿಡಿದು ಓಡಾಡಿಸುತ್ತಾರೆ. ಹಾಗಾದರೆ ಅವನು ಕಾಲೂರಿದ್ದಲ್ಲ, ಅವನಿಂದ ಕಾಲೂರಿಸಿದ್ದು. ಪ್ಯಾಕೇಜಿನಲ್ಲಿ ಫೋಟೊ ಸೇರಿದೆ, ನಿಂತರೆ ಫೋಟೊ ಅಲುಗುವುದಿಲ್ಲ, ಅಷ್ಟೇ ಕಥೆ. ಕಲಿತು ಇಳಿಯುವವರದು ಬೇರೆ ಸಮಸ್ಯೆ. ಸೊಂಟಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸೀಸದ ತೂಕ ಕಟ್ಟಿಕೊಂಡಿರುತ್ತಾರೆ. ದೇಹ ಕೆಳಗೆಳೆಯುತ್ತದೆ, ಗಾಬರಿಯಲ್ಲಿ ಸೈಕಲ್ ತುಳಿದಂತೆ ಕಾಲು ಬಡಿಯುತ್ತಾರೆ. ಫಿನ್ ತಾಗದಿದ್ದರೂ ಎದ್ದ ಮರಳು ಹವಳದ ಮೇಲೆ ಕೂರುತ್ತದೆ. ಅದನ್ನು ಲೋಳೆ ಸುರಿಸಿ ತೊಳೆದುಕೊಳ್ಳಲು ಆ ಪ್ರಾಣಿ ತನ್ನ ಶಕ್ತಿ ಸುಡಬೇಕು.

ತೇಲುವ ಹಿಡಿತ ಕಲಿಯುವುದು ಉಸಿರಿನಿಂದ. ಎಳೆದುಕೊಂಡರೆ ಮೆಲ್ಲಗೆ ಮೇಲೇಳುತ್ತೀರಿ, ಬಿಟ್ಟರೆ ಇಳಿಯುತ್ತೀರಿ, ಎರಡೂ ಒಂದೆರಡು ಕ್ಷಣ ತಡವಾಗಿ. ಆ ತಡ ಮೈಗೆ ಹಿಡಿಯುವ ತನಕ ಬರೀ ಮರಳಿನ ಮೇಲೆ ಅಭ್ಯಾಸ ಮಾಡಿ. ಉಸಿರು ಕಟ್ಟಿ ಹಿಡಿಯಬೇಡಿ, ಮೇಲೇರುವಾಗ ಅದು ಶ್ವಾಸಕೋಶಕ್ಕೇ ಅಪಾಯ. ಕ್ಯಾಮೆರಾ ಆಮೇಲೆ. ಮುಂದಿನ ಸಲ ದುಡ್ಡು ಕಟ್ಟುವ ಮೊದಲೇ ಕೇಳಿ: ‘ಮೊದಲು ಮರಳಿನ ಮೇಲೆ ಇಳಿಸ್ತೀರೋ, ಸೀದಾ ಹವಳಕ್ಕೋ?’ ಉತ್ತರ ತಡವರಿಸಿದರೆ ಬೇರೆ ದೋಣಿ ನೋಡಿಕೊಳ್ಳಿ.

ಪ್ರಶ್ನೆ: ಕಡಲು ಬಿಸಿಯಾಗಿ ಹವಳವೆಲ್ಲ ಬಿಳಿಚಿ ಸಾಯುತ್ತಿದೆ ಎನ್ನುತ್ತಾರೆ. ಹಾಗಿರುವಾಗ ಒಂದು ಒದೆತಕ್ಕೆ ಇಷ್ಟು ರಂಪ ಯಾಕೆ?
– ವಿದ್ಯಾರ್ಥಿನಿ, ಚಿಕ್ಕಮಗಳೂರು

ಒಳ್ಳೆ ಪ್ರಶ್ನೆ, ತುಸು ಸಿಟ್ಟೂ ಬಂತು. ಬಿಸಿಯೇ ದೊಡ್ಡ ಕೊಲೆಗಾರ, ಅದರಲ್ಲಿ ಎರಡು ಮಾತಿಲ್ಲ. 1998, 2010, 2016ರಲ್ಲಿ ನಮ್ಮ ಕಡಲುಗಳಲ್ಲೂ ಹವಳ ಬಿಳಿಚಿತ್ತು. 2024ರಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಬಿಳಿಚುವಿಕೆ ಎಂದು ವಿಜ್ಞಾನಿಗಳು ಘೋಷಿಸಿದರು. ಶಾಖ ತಡೆಯದೆ ಆ ಪಾಚಿ ಬಾಡಿಗೆದಾರರು ಮನೆ ಬಿಟ್ಟು ಹೋಗುವುದಕ್ಕೇ ಬಿಳಿಚುವುದು ಅನ್ನುವುದು. ಆದರೆ ಬಿಳಿಚಿದ ಕೂಡಲೇ ಸತ್ತಿತು ಅಂತಲ್ಲ. ಬೇಗ ತಣಿದರೆ ಚೇತರಿಸಿಕೊಳ್ಳಬಹುದು.

ನಿಮ್ಮ ಊರಲ್ಲೂ ಕಾಫಿ ಇದೆ. ಹೂಮಳೆ ತಪ್ಪಿದ ವರ್ಷ ‘ಹೇಗೂ ಫಸಲಿಲ್ಲ’ ಅಂತ ಯಾರಾದರೂ ಅರೇಬಿಕಾದ ರೆಕ್ಕೆ ಮುರಿಯುತ್ತಾರಾ? ಮುಖ್ಯ ರೆಕ್ಕೆ ಹೋದರೆ ಅದೇ ಗಣ್ಣಿನಿಂದ ಮತ್ತೊಂದು ಬರಲ್ಲ. ಹವಳದ ಕಥೆ ಅಷ್ಟು ಕಠಿಣವಲ್ಲ. ಮುರಿದ ತುಂಡು ಗಟ್ಟಿ ನೆಲ ಸಿಕ್ಕಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ಮರಳಲ್ಲಿ ಉರುಳಾಡಿದರೆ ಸಾಯುತ್ತದೆ. ಕಡಲ ಶಾಖ ಇಳಿಸುವುದು ಒಬ್ಬರ ಕೈಲಿಲ್ಲ. ಫಿನ್ ನಮ್ಮ ಕಾಲಲ್ಲೇ ಇದೆಯಲ್ಲ?

ಪ್ರಶ್ನೆ: ನೀಲ್ ದ್ವೀಪದ ದಡದಲ್ಲಿ ಬಿದ್ದಿದ್ದ ಬಿಳಿ ಹವಳದ ತುಂಡನ್ನು ಮಗಳು ಚೀಲದಲ್ಲಿ ಹಾಕಿಕೊಂಡಿದ್ದಳು. ಮನೆಗೆ ಬಂದ ಮೇಲೆ ನೋಡಿದೆವು. ಸತ್ತದ್ದು ತಾನೆ?
– ಗೃಹಿಣಿ, ಅರಸೀಕೆರೆ

ಸತ್ತದ್ದೇ, ಆದರೆ ಕಾನೂನು ಅದನ್ನು ಕೇಳುವುದಿಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಹುಲಿಯುಗುರು ಯಾರೂ ಶೋಕೇಸಲ್ಲಿ ಇಡಬಾರದಲ್ಲ, ಇದೂ ಹಾಗೆ. ಮಗಳನ್ನು ಗದರಬೇಡಿ, ನಿಮ್ಮ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಹೇಳಿ ಒಪ್ಪಿಸಿಬಿಡಿ. (ಜ್ಯೋತಿಷಿಗಳು ಹೇಳುವ ಉಂಗುರದ ಕೆಂಪು ಹವಳ ಬೇರೆ ಜಾತಿ, ಮೆಡಿಟರೇನಿಯನ್ ಕಡೆಯದಕ್ಕೇ ಹೆಸರು. ಅದರ ಬಗ್ಗೆ ಕೇಳಿ ದಯವಿಟ್ಟು ಪತ್ರ ಬರೆಯಬೇಡಿ.)

ಪ್ರಶ್ನೆ: ಈಜು ಬರಲ್ಲ. ಆದರೂ ಒಂದು ಸಲ ಹವಳ ನೋಡಬೇಕು. ಹೋಗಲೇ?
– ನಿವೃತ್ತ ಶಿಕ್ಷಕ, ಮೂಡಿಗೆರೆ

ಹೋಗಿ. ವೈದ್ಯರಿಗೆ ಒಮ್ಮೆ ಕಿವಿ, ಎದೆ ತೋರಿಸಿಕೊಳ್ಳಿ. ಮಳೆಗಾಲದಲ್ಲಿ ನೇತ್ರಾಣಿ ಡೈವಿಂಗ್ ಬಂದ್, ಅದು ಮುಗಿದ ಮೇಲೆ ಹೊರಡಿ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಅಂಗಿ ಹಾಕಿ. ಕೆಲವು ಸನ್‌ಸ್ಕ್ರೀನ್ ರಾಸಾಯನಿಕ ಹವಳಕ್ಕೆ ಕೆಡುಕೆಂದು ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಮತ್ತೆ ಚಪ್ಪಲಿ ಅಳತೆ ಸರಿಯಾಗಿ ಹೇಳಿ ಸಾರ್. ಸಡಿಲ ಫಿನ್ ಕೊಟ್ಟರೆ ಅದು ಕಳಚೀತು ಅಂತ ಹೆದರಿ ನೀವೂ ನಿಲ್ಲಲು ಕಲ್ಲು ಹುಡುಕುತ್ತೀರಿ.