ಚಿಪ್ಸ್ ನೀಲಿಯಾದ ದಿನ

ಮುಳಬಾಗಿಲಿನವರು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಲೇತ್ (ಲೋಹವನ್ನು ತಿರುಗಿಸುತ್ತಾ ಕೊರೆಯುವ ಯಂತ್ರ) ಹಾಕಿಕೊಂಡು ಇಷ್ಟು ವರ್ಷ ಹೇಗೆ ನಡೆಸಿದಿರಿ ಎಂದು ಕೇಳಿದ್ದೀರಿ. ನೀವು ಹೊರಗಿನವರು, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಮ್ಮದು ಗಡಿ ಸೀಮೆ. ನಂಗಲಿ ದಾಟಿದರೆ ಆಂಧ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಹೊಲಕ್ಕೆ ಮಳೆಯೇ ಗತಿ, ಹಾಗಾಗಿ ಹುಡುಗರು ಬೆಂಗಳೂರಿನ ಬಸ್ ಹತ್ತುವುದು ವಾಡಿಕೆ. ಅಪ್ಪನೂ ಹಾಗೇ ಬಂದವರು. ಆಗ ಇಲ್ಲಿ ಎಚ್‌ಎಎಲ್, ಐಟಿಐ, ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ದೊಡ್ಡ ಹೆಸರುಗಳು. 1953ರಲ್ಲಿ ಶುರುವಾದ ಎಚ್‌ಎಂಟಿ ಜಾಲಹಳ್ಳಿಯಲ್ಲಿ ಲೇತ್‌ಗಳನ್ನೇ ತಯಾರಿಸುತ್ತಿತ್ತು. ದೊಡ್ಡ ಕಾರ್ಖಾನೆಗಳು ಪಿನ್ನು, ಬುಷ್ಷಿನಂಥ ಪ್ರತಿ ಸಣ್ಣ ಭಾಗವನ್ನೂ ತಾವೇ ಮಾಡುವುದಿಲ್ಲ. ಡ್ರಾಯಿಂಗ್ ಕೊಟ್ಟು ಹೊರಗೆ ಮಾಡಿಸುತ್ತವೆ. ಅದೇ ಜಾಬ್ ವರ್ಕ್. ಪೀಣ್ಯದ ಸಣ್ಣ ಶೆಡ್‌ಗಳಿಗೆ ಅನ್ನ ಹಾಕಿದ್ದು ಅದೇ.

ಅಪ್ಪ ಲೇತ್ ನಡೆಸುವ ಟರ್ನರ್ ಆಗಿ ದುಡಿದು, ಆಮೇಲೆ ಒಂದು ಹಳೇ ಲೇತ್ ಕೊಂಡರು. ರಾತ್ರಿ ಅಮ್ಮ, ಅಣ್ಣ, ನಾನು ಮನೆಯಲ್ಲಿ ಕೂತು ಅರ ಹಿಡಿದು ಪೀಸ್‌ಗಳ ಬರ್, ಅಂದರೆ ಅಂಚಿನ ಚೂಪು ಮುಳ್ಳು, ತೆಗೆಯುತ್ತಿದ್ದೆವು. 1991ರ ನಂತರ ಹೊರಗಿನ ಮಾಲು ಜಾಸ್ತಿ ಬಂತು, ಹಳೇ ಆರ್ಡರ್ ಇಳಿಯಿತು. ಒಬ್ಬರೇ ಗಿರಾಕಿಯನ್ನು ನಂಬಿದ್ದ ನಾವು ತತ್ತರಿಸಿದೆವು. ಒಂದು ದೊಡ್ಡ ಕಂಪನಿಯಲ್ಲಿ ನಮ್ಮ ಬಿಲ್ ಎಂಟು ತಿಂಗಳು ಸಿಕ್ಕಿಹಾಕಿಕೊಂಡಿತ್ತು. ಆಟೋ ಬಿಡಿಭಾಗದ ಕೆಲಸ ಹಿಡಿದ ಮೇಲೆ ಉಸಿರಾಡಿದೆವು.

ಅಣ್ಣ ಸಾಲ ಮಾಡಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೇತ್, ತಂದ. ಮೊದಲ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಷಿನ್ ಬಾಗಿಲಿನ ಗಾಜಿನ ಹಿಂದೆ ಚಿಪ್ಸ್, ಅಂದರೆ ಕೊರೆದಾಗ ಬರುವ ಉಕ್ಕಿನ ಚೂರು, ಕಡು ನೀಲಿಯಾಗಿ ಸಿಡಿಯುತ್ತಿತ್ತು. ಅಪ್ಪ ಓಡಿ ಬಂದು ಮಷಿನ್ ನಿಲ್ಲಿಸುವ ಕೆಂಪು ಬಟನ್ ಒತ್ತಿಬಿಟ್ಟರು. ಅವರು ಕಲಿತದ್ದು ಹೈಸ್ಪೀಡ್ ಸ್ಟೀಲ್ ಎಂಬ ಉಕ್ಕಿನಿಂದ ಮಾಡಿದ, ಕೊರೆಯುವ ಟೂಲ್. ಅದರಲ್ಲಿ ಉಕ್ಕಿನ ಚಿಪ್ಸ್ ನೀಲಿಯಾಯಿತೆಂದರೆ ಟೂಲ್ ಸುಡುತ್ತಿದೆ ಎಂದೇ ಲೆಕ್ಕ. ಇದು ಹೆಚ್ಚು ಶಾಖ ತಡೆಯುವ ಕಾರ್ಬೈಡ್ ಟೂಲ್, ಶಾಖ ಚಿಪ್ಸ್ ಜೊತೆಗೇ ಹೋಗಬೇಕು, ನೀಲಿ ಬಂದರೆ ಒಳ್ಳೆಯದೇ ಅಂತ ಅಣ್ಣ ಹೇಳಿದ. ಅಪ್ಪ ಒಂದು ಚೂರು ಎತ್ತಿ ತುಂಬಾ ಹೊತ್ತು ನೋಡಿದರು. ಮಾರನೇ ದಿನ ನೋಟ್‌ಬುಕ್ ತಂದು, ಅಣ್ಣನ ಪಕ್ಕ ಕೂತು ಆಫ್‌ಸೆಟ್ (ಟೂಲಿನ ಅಳತೆಯ ತಿದ್ದುಪಡಿ) ಕೊಡುವುದನ್ನು ಬರೆದುಕೊಂಡರು. ಐವತ್ತೈದು ದಾಟಿದ ಮನುಷ್ಯ. ಶೆಡ್ ಉಳಿದದ್ದು ಆ ನೋಟ್‌ಬುಕ್ಕಿನಿಂದ ಅಂತ ನಾನು ನಂಬುತ್ತೇನೆ.

2017ರಲ್ಲಿ ಜಿಎಸ್‌ಟಿ, 2020ರಲ್ಲಿ ಲಾಕ್‌ಡೌನ್. ಎರಡೂ ಕಷ್ಟವೇ, ದಾಟಿದೆವು.

ಈಗ ಮಷಿನ್ ಮುಂದೆ ಒಡಿಶಾ, ಬಿಹಾರದ ಹುಡುಗರು ಜಾಸ್ತಿ. ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಗಡಿಯಲ್ಲಿ ಬೆಳೆದ ನಮಗೆ ಅದೇನೂ ಹೊಸದಲ್ಲ, ಅಲ್ವಾ? ಅಪ್ಪ ಅವರಿಗೂ ಕನ್ನಡದಲ್ಲೇ ಹೇಳುತ್ತಾರೆ: "ಬಿಸಿ ಪೀಸ್ ಅಳೀಬೇಡ ಮಗಾ, ದಪ್ಪ ತೋರಿಸ್ತದೆ." ಹುಡುಗರು ಬೆಳಗಿನ ಮೊದಲ ಪೀಸ್ ಒರೆಸಿ, ಆರಲು ಬಿಟ್ಟು, ಮೈಕ್ರೋಮೀಟರ್ ಜೊತೆ ಅಪ್ಪನ ಟೇಬಲ್ ಮೇಲಿಡುತ್ತಾರೆ.