ಹೊರಗೆ ಹೋಗಲಾಗದ ದಿನ ಮಕ್ಕಳನ್ನು ಮನೆಯೊಳಗೆ ರಂಜಿಸುವುದು ಹೇಗೆ?

ಇಂಥ ದಿನ ಹೊಸ ಆಟಿಕೆಗಿಂತ ಮೊದಲು ಬೇಕಾದದ್ದು ಮೈದಣಿವು. ದಿಂಬುಗಳನ್ನು ಅಲ್ಲಲ್ಲಿ ಹಾಕಿ, ನೆಲ ಮುಟ್ಟದೆ ಕೋಣೆ ದಾಟಲು ಹೇಳಿ. ಚೇಷ್ಟೆ ಅರ್ಧ ಇಳಿಯುತ್ತದೆ.

ಆಮೇಲೆ ಪರದೆ ಎಳೆದು, ಟಾರ್ಚ್ ಹಚ್ಚಿ, ಗೋಡೆಯ ಮೇಲೆ ನೆರಳಿನಾಟ ಆಡಿಸಿ. ಕೈ ಟಾರ್ಚಿಗೆ ಹತ್ತಿರವಾದಷ್ಟೂ ಹೆಚ್ಚು ಬೆಳಕನ್ನು ತಡೆಯುವುದರಿಂದ ನೆರಳು ಹಿಗ್ಗುತ್ತದೆ. ಗೋಡೆಯತ್ತ ಸರಿದರೆ ಕುಗ್ಗಿ, ಅಂಚು ಸ್ಪಷ್ಟವಾಗುತ್ತದೆ. ದಯವಿಟ್ಟು ಇದನ್ನು ಪಾಠ ಮಾಡಬೇಡಿ. ಬೆರಳಿನ ಮೊಲ ಇದ್ದಕ್ಕಿದ್ದಂತೆ ಗೋಡೆ ತುಂಬ ರಾಕ್ಷಸನಾದಾಗ ಅವರೇ ಕಂಡುಕೊಳ್ಳುತ್ತಾರೆ.

ಮೊಬೈಲ್, ಟಿವಿ? 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ನಡುವೆ ‘ಬೇಜಾರು’ ಎಂದು ಗೊಣಗಿದರೆ ತಕ್ಷಣ ಧಾವಿಸಬೇಡಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಖಾಲಿ ರಟ್ಟಿನ ಪೆಟ್ಟಿಗೆ ಹಡಗಾಗಿರುತ್ತದೆ, ನಿಮ್ಮ ಪೊರಕೆ ಅದರ ಹುಟ್ಟು.